ದಿನಾ ಊಟಕ್ಕೆ ಬರುವ ನೆರೆಮನೆ ಬೆಕ್ಕು: ಕಾರಣ ಪತ್ತೆ ಹಚ್ಚುವುದು ಹೇಗೆ?

ಬೆಳಗ್ಗೆ ಬಾಗಿಲು ತೆಗೆದರೆ ಬೆಕ್ಕು ಕೂತಿರುತ್ತದೆ. ಬಾಲ ಮೇಲೆತ್ತಿ ಬರುತ್ತದೆ, ಕಾಲಿಗೆ ಕೆನ್ನೆ ಉಜ್ಜುತ್ತದೆ, ಅಡುಗೆಮನೆಯ ಕಡೆ ನೋಡಿ ಕೂಗುತ್ತದೆ. ನೀವು ಏನೋ ಹಾಕುತ್ತೀರಿ. ತಿಂದು ಹೋಗುತ್ತದೆ. ಸಂಜೆ ಮತ್ತೆ ಹಾಜರು. ಒಂದು ವಾರದೊಳಗೆ ಇದು ಮನೆಯ ದಿನಚರಿಯೇ ಆಗಿಬಿಡುತ್ತದೆ. ಆಮೇಲೆ ಪ್ರಶ್ನೆಗಳು ಶುರು. ಇದಕ್ಕೆ ಮನೆ ಇಲ್ಲವೇ? ಇದ್ದರೆ ಅಲ್ಲಿ ಊಟ ಹಾಕುವುದಿಲ್ಲವೇ? ನಾನು ಹಾಕುತ್ತಿರುವುದು ಸರಿಯೇ? ನಿಲ್ಲಿಸಿದರೆ ಪಾಪ, ಹಸಿದಿರುತ್ತದೆಯೇ?

ತೊಡಕು ಇರುವುದು ಇಲ್ಲೇ. ಹೊರಗೆ ಕಾಣುವ ಲಕ್ಷಣ ಒಂದು, ಹಿಂದಿನ ಕಾರಣಗಳು ಐದಾರು. ನಿಜವಾದ ಹಸಿವು ಇರಬಹುದು. ಬರೀ ರೂಢಿ ಇರಬಹುದು. ಕಾಯಿಲೆ ಇರಬಹುದು. ಹೊಟ್ಟೆಯಲ್ಲಿ ಮರಿ ಇರಬಹುದು. ಸ್ವಂತ ಮನೆಯಲ್ಲಿ ನೆಮ್ಮದಿ ಇಲ್ಲದಿರಬಹುದು. ಸುಮ್ನೆ ಜೊತೆ ಬೇಕೆಂದು ಬರುತ್ತಿರಬಹುದು. ಎಲ್ಲದರಲ್ಲೂ ಬೆಕ್ಕು ಮಾಡುವುದು ಒಂದೇ: ಬಾಗಿಲಲ್ಲಿ ಕೂತು ಕೂಗುವುದು. ಕಾರಣ ತಿಳಿಯದೆ ಬಟ್ಟಲು ತುಂಬಿಸಿದರೂ ತಪ್ಪಾಗಬಹುದು, ಬಾಗಿಲು ಹಾಕಿಕೊಂಡರೂ ತಪ್ಪಾಗಬಹುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ಇದನ್ನು ನಾನು ಕಲಿತದ್ದು ಒಂದು ಬೂದು ಬಣ್ಣದ ಗಂಡು ಬೆಕ್ಕಿನಿಂದ. ಸುಮಾರು ಮೂರು ತಿಂಗಳು ದಿನಕ್ಕೆ ಎರಡು ಹೊತ್ತು ಅದಕ್ಕೆ ಊಟ ಹಾಕಿದೆ. ತುಂಬಾ ಸಾಧು ಬೆಕ್ಕು. ಒಂದು ದಿನ ಎರಡು ಬೀದಿ ಆಚೆಯ ಮನೆಯವರು ಹುಡುಕಿಕೊಂಡು ಬಂದರು. ಬೆಕ್ಕು ಅವರದು. ಅದಕ್ಕೆ ಮೂತ್ರದಲ್ಲಿ ಹರಳು ಕಟ್ಟುವ ತೊಂದರೆ. ಡಾಕ್ಟರು ಬರೆದುಕೊಟ್ಟ ಪಥ್ಯದ ಆಹಾರ ಬಿಟ್ಟು ಬೇರೇನೂ ಕೊಡುವ ಹಾಗಿರಲಿಲ್ಲ. ಅವರು ಮನೆಯಲ್ಲಿ ಅಷ್ಟು ಕಟ್ಟುನಿಟ್ಟಾಗಿ ಪಥ್ಯ ಮಾಡಿಸುತ್ತಿದ್ದರು, ಇಲ್ಲಿ ನಾನು ಪ್ರೀತಿಯಿಂದ ಅದನ್ನು ಕೆಡಿಸುತ್ತಿದ್ದೆ. ಎರಡನೇ ಸಲ ಮೂತ್ರ ಕಟ್ಟಿಕೊಂಡು ಬೆಕ್ಕು ಆಸ್ಪತ್ರೆ ಸೇರಿತ್ತು. ಬದುಕಿಕೊಂಡಿತು. ಅವರು ನನ್ನ ಮೇಲೆ ರೇಗಲಿಲ್ಲ. "ಒಂದು ಮಾತು ಕೇಳಿದ್ದರೆ ಸಾಕಿತ್ತು" ಅಂದರು, ಅಷ್ಟೇ. ಆ ಮಾತು ಇನ್ನೂ ನನ್ನ ಕಿವಿಯಲ್ಲಿದೆ. ಮುಂದೆ ಬರೆದಿರುವ ಪ್ರತಿ ಹಂತವೂ ಆ ಒಂದು ಮಾತನ್ನು ಸಮಯಕ್ಕೆ ಸರಿಯಾಗಿ ಕೇಳುವ ಸಲುವಾಗಿಯೇ.

ಕಾಯಬಾರದ ಲಕ್ಷಣಗಳು

ಕಾರಣ ಹುಡುಕಲು ಕೂರುವ ಮೊದಲು ಇವುಗಳನ್ನು ನೋಡಿಬಿಡಿ. ಗಂಡು ಬೆಕ್ಕು ಮತ್ತೆ ಮತ್ತೆ ಮೂತ್ರಕ್ಕೆ ಕೂತು ತಿಣುಕುತ್ತಿದೆ, ಹನಿ ಮೂತ್ರವೂ ಬರುತ್ತಿಲ್ಲ ಅಂದರೆ ಅದು ತುರ್ತು. ಒಂದೆರಡು ದಿನದಲ್ಲಿ ಪ್ರಾಣ ಹೋಗಬಹುದು. ಬಾಯಿ ತೆರೆದುಕೊಂಡು ಏದುಸಿರು ಬಿಡುವುದು, ಹಿಂಗಾಲು ಎಳೆದುಕೊಂಡು ನಡೆಯುವುದು, ಒಸಡು ಬಿಳಿಚಿರುವುದು ಅಥವಾ ಹಳದಿಯಾಗಿರುವುದು, ಕೀವು ತುಂಬಿದ ಗಾಯ ಇರುವುದು ಕೂಡ ಹಾಗೆಯೇ. ದಿನಾ ಆಸೆಯಿಂದ ತಿನ್ನುತ್ತಿದ್ದ ಬೆಕ್ಕು ಒಂದು ದಿನವಿಡೀ ಊಟ ಮುಟ್ಟದಿದ್ದರೂ ಹಗುರವಾಗಿ ತೆಗೆದುಕೊಳ್ಳಬೇಡಿ. ಅದರಲ್ಲೂ ದಪ್ಪ ಬೆಕ್ಕು ಕೆಲವು ದಿನ ಉಪವಾಸ ಬಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಕುತ್ತು ಬರುತ್ತದೆ.

ಇವುಗಳಲ್ಲಿ ಒಂದು ಕಂಡರೂ ಯಾರ ಬೆಕ್ಕು ಅನ್ನುವ ಪ್ರಶ್ನೆ ಆಮೇಲೆ. ಮೊದಲು ಪಶುವೈದ್ಯರು.

ಒಂದು ವಾರ ಏನನ್ನೂ ಬದಲಿಸಬೇಡಿ

ತುರ್ತು ಏನೂ ಇಲ್ಲ ಅಂದರೆ ಏಳು ದಿನ ನೋಡಿ, ಬರೆದಿಡಿ. ಈಗಾಗಲೇ ಊಟ ಹಾಕುತ್ತಿದ್ದರೆ ಅದೇ ಆಹಾರ, ಅಷ್ಟೇ ಅಳತೆ ಮುಂದುವರಿಸಿ. ಜಾಸ್ತಿಯೂ ಬೇಡ, ಒಮ್ಮೆಲೇ ನಿಲ್ಲಿಸುವುದೂ ಬೇಡ. ಇನ್ನೂ ಹಾಕಲು ಶುರು ಮಾಡಿಲ್ಲದಿದ್ದರೆ, ಬೆಕ್ಕು ಮೈತುಂಬಿಕೊಂಡು ಚೆನ್ನಾಗಿದ್ದರೆ, ಈ ವಾರ ನೀರು ಮಾತ್ರ ಇಡಿ.

ಏನು ಬರೆಯಬೇಕು? ಬಂದ ಹೊತ್ತು, ಹೋದ ಹೊತ್ತು. ತಿಂದ ರೀತಿ: ಗಬಗಬ ನುಂಗಿತೋ, ಮೂಸಿ ನೋಡಿ ಎರಡು ಬಾಯಿ ತಿಂದು ಬಿಟ್ಟಿತೋ, ಒಂದೇ ಕಡೆಯ ಹಲ್ಲಿನಲ್ಲಿ ಕಷ್ಟಪಟ್ಟು ಅಗಿಯಿತೋ. ತಿಂದ ಮೇಲೆ ಏನು ಮಾಡಿತು: ತಕ್ಷಣ ಓಡಿತೋ, ಅಲ್ಲೇ ಕೂತು ಮೈ ನೆಕ್ಕಿಕೊಂಡಿತೋ, ನಿಮ್ಮ ಪಕ್ಕ ಮಲಗಿತೋ. ಯಾವ ದಿಕ್ಕಿನಿಂದ ಬರುತ್ತದೆ, ಯಾವ ದಿಕ್ಕಿಗೆ ಹೋಗುತ್ತದೆ. ಮಳೆ ಬಂದ ದಿನ ಮೈ ಒದ್ದೆಯಾಗಿತ್ತೋ ಒಣಗಿತ್ತೋ. ಈ ಕೊನೆಯದು ನನಗೆ ಬಹಳ ಸಲ ಸುಳಿವು ಕೊಟ್ಟಿದೆ. ಜೋರು ಮಳೆಯ ನಡುವೆ ಒಣ ಮೈಯಲ್ಲಿ ಬಂದ ಬೆಕ್ಕಿಗೆ ಹತ್ತಿರದಲ್ಲೇ ಎಲ್ಲೋ ಒಂದು ಸೂರು ಇದೆ ಎಂದರ್ಥ.

ಬೆಳಗಿನ ಜಾವ ಮತ್ತು ಮುಸ್ಸಂಜೆ ಬರುವುದರಲ್ಲಿ ವಿಶೇಷ ಏನೂ ಇಲ್ಲ. ಬೆಕ್ಕುಗಳು ಆ ಹೊತ್ತಿನಲ್ಲೇ ಜಾಸ್ತಿ ಓಡಾಡುವುದು. ಆದರೆ ದಿನಾ ಒಂದೇ ಗಳಿಗೆಗೆ ಬಂದರೆ ಯೋಚಿಸಿ. ಒಂದೋ ನಿಮ್ಮ ಮನೆಯ ಹೊತ್ತು ಅದಕ್ಕೆ ಗೊತ್ತಾಗಿದೆ, ಇಲ್ಲವೇ ಅದರ ಮನೆಯವರು ಆ ಹೊತ್ತಿಗೆ ಹೊರಗೆ ಬಿಡುತ್ತಿದ್ದಾರೆ.

ಯಾರ ಬೆಕ್ಕು?

ಕೊರಳಪಟ್ಟಿ ಇದ್ದರೆ ಕೆಲಸ ಸುಲಭ. ಇಲ್ಲದಿದ್ದರೆ ಮನೆಯಿಲ್ಲದ ಬೆಕ್ಕು ಅಂತ ತೀರ್ಮಾನಿಸಬೇಡಿ. ಎಷ್ಟೋ ಜನ ಪಟ್ಟಿ ಕಟ್ಟುವುದೇ ಇಲ್ಲ. ಕಟ್ಟಿದರೂ ಬೆಕ್ಕು ಕಳಚಿಕೊಂಡು ಬಂದಿರುತ್ತದೆ. ಮೈ ನೋಡಿ. ಕೂದಲು ಹೊಳೆಯುತ್ತಿದೆ, ಕಿವಿ ಸ್ವಚ್ಛವಾಗಿದೆ, ಮುಟ್ಟಿದರೆ ಬೆದರುವುದಿಲ್ಲ, ಒಳಗೆ ಬಂದು ಕುರ್ಚಿ ಹತ್ತಿ ಮಲಗುತ್ತದೆ ಅಂದರೆ ಮನುಷ್ಯರ ಮನೆ ಅದಕ್ಕೆ ಹೊಸದಲ್ಲ. ಆದರೆ ಅದು ಈಗಲೂ ಇರುವ ಮನೆಯೋ, ಬಿಟ್ಟುಹೋದವರ ಮನೆಯೋ ಎಂಬುದು ಇದರಿಂದ ತಿಳಿಯುವುದಿಲ್ಲ. ಮನೆ ಬದಲಿಸುವಾಗ ಬೆಕ್ಕನ್ನು ಬಿಟ್ಟುಹೋಗುವವರು ಇದ್ದಾರೆ.

ಒಂದು ಕಿವಿಯ ತುದಿ ನೇರವಾಗಿ ಕತ್ತರಿಸಿದ ಹಾಗೆ ಇದ್ದರೆ ಗಮನಿಸಿ. ಅದು ಜಗಳದ ಗಾಯ ಅಲ್ಲ. ಮನೆಯಿಲ್ಲದ ಬೆಕ್ಕುಗಳನ್ನು ಹಿಡಿದು, ಮರಿಯಾಗದ ಹಾಗೆ ಆಪರೇಷನ್ ಮಾಡಿಸಿ, ಅದೇ ಜಾಗಕ್ಕೆ ವಾಪಸ್ ಬಿಡುವವರು ಗುರುತಿಗಾಗಿ ಹೀಗೆ ಮಾಡಿಸುತ್ತಾರೆ. ಅಂಥ ಬೆಕ್ಕಿಗೆ ಊಟ ಹಾಕುವವರು ಹತ್ತಿರದಲ್ಲೇ ಯಾರಾದರೂ ಇರುವ ಸಾಧ್ಯತೆ ಇದೆ.

ಇನ್ನೊಂದು ದಾರಿ ಮೈಕ್ರೋಚಿಪ್. ಅಕ್ಕಿ ಕಾಳಿನಷ್ಟು ಸಣ್ಣದು, ಭುಜಗಳ ನಡುವೆ ಚರ್ಮದ ಕೆಳಗೆ ಇರುತ್ತದೆ. ಪಶುವೈದ್ಯರ ಹತ್ತಿರ ಅದನ್ನು ಓದುವ ಸ್ಕ್ಯಾನರ್ ಇದ್ದರೆ ಒಂದು ನಿಮಿಷದ ಕೆಲಸ. ಸಾಮಾನ್ಯವಾಗಿ 15 ಅಂಕಿಯ ಸಂಖ್ಯೆ ಬರುತ್ತದೆ. ಆ ಸಂಖ್ಯೆಯನ್ನು ನೋಂದಣಿ ಪಟ್ಟಿಯಲ್ಲಿ ಹುಡುಕಿದರೆ ಮನೆಯವರು ಸಿಗುತ್ತಾರೆ. ಚಿಪ್‌ನಿಂದ ಬೆಕ್ಕು ಎಲ್ಲಿದೆ ಎಂದು ಗೊತ್ತಾಗುತ್ತದೆ ಅಂತ ಕೆಲವರು ಅಂದುಕೊಂಡಿದ್ದಾರೆ. ಹಾಗಿಲ್ಲ, ಅದು ಬರೀ ಗುರುತಿನ ಸಂಖ್ಯೆ.

ನನಗೆ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು ಕಾಗದದ ಪಟ್ಟಿ. ಸುಮಾರು ಎರಡು ಸೆಂಟಿಮೀಟರ್ ಅಗಲದ ಸಾದಾ ಕಾಗದ ಕತ್ತರಿಸಿ, ಮೇಲೆ ಹೀಗೆ ಬರೆಯಿರಿ: "ಈ ಬೆಕ್ಕು ನಿಮ್ಮದೇ? ದಿನಾ ನಮ್ಮ ಮನೆಗೆ ಬರುತ್ತದೆ. ಇದಕ್ಕೆ ಪಥ್ಯ, ಔಷಧ ಏನಾದರೂ ಇದೆಯೇ?" ಕೆಳಗೆ ಫೋನ್ ನಂಬರ್. ಕೊರಳಿಗೆ ಸುತ್ತಿ, ತುದಿಗಳನ್ನು ಸಣ್ಣ ಟೇಪಿನಿಂದ ಅಂಟಿಸಿ. ಟೇಪು ಕೂದಲಿಗೆ ತಾಗಬಾರದು. ಪಟ್ಟಿಯೊಳಗೆ ಎರಡು ಬೆರಳು ಆರಾಮಾಗಿ ಹೋಗಬೇಕು. ಕಾಗದವೇ ಯಾಕೆ ಅಂದರೆ, ಎಲ್ಲಾದರೂ ಸಿಕ್ಕಿಕೊಂಡರೆ ಹರಿದುಹೋಗುತ್ತದೆ, ಬೆಕ್ಕಿನ ಕುತ್ತಿಗೆಗೆ ಅಪಾಯ ಇಲ್ಲ. ದಾರ, ರಬ್ಬರ್ ಬ್ಯಾಂಡ್, ಬಟ್ಟೆ ಯಾವುದೂ ಬೇಡ. ಮುಟ್ಟಿಸಿಕೊಳ್ಳದ ಬೆಕ್ಕಿಗೆ ಮತ್ತು ಸಣ್ಣ ಮರಿಗೆ ಇದನ್ನು ಕಟ್ಟಲು ಹೋಗಬೇಡಿ.

ಮುಂದಿನ ಸಲ ಬರುವಾಗ ಏನಾಗಿದೆ ನೋಡಿ. ಫೋನ್ ಬಂದರೆ ಸರಿ. ಫೋನ್ ಬಾರದೆ, ಕಾಗದದ ಜಾಗದಲ್ಲಿ ಹೊಸ ಕೊರಳಪಟ್ಟಿ ಬಂದಿದ್ದರೆ ಯಾರೋ ಇದ್ದಾರೆ ಎಂದಾಯಿತು. ಪಟ್ಟಿ ಬರೀ ಕಾಣೆಯಾಗಿದ್ದರೆ ಏನೂ ಹೇಳಲಾಗದು, ಬೆಕ್ಕೇ ಕಿತ್ತಿರಬಹುದು. ಎರಡು ಮೂರು ಸಲ ಕಟ್ಟಿ ನೋಡಿ. ಒಂದೇ ಪಟ್ಟಿ ನಾಲ್ಕೈದು ದಿನ ಹಾಗೇ ಇದ್ದು, ಯಾರೂ ಕೇಳದಿದ್ದರೆ, ಆ ಬೆಕ್ಕನ್ನು ಹತ್ತಿರದಿಂದ ನೋಡುವವರು ಯಾರೂ ಇಲ್ಲದಿರಬಹುದು.

ಮನೆ ಗೊತ್ತಾದರೆ ಹೋಗಿ ಮಾತಾಡಿ. ಇಲ್ಲಿ ಬಹಳ ಜನ ಹಿಂಜರಿಯುತ್ತಾರೆ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಅನ್ನುವ ಹಾಗೆ, ಬೀದಿಯ ನಾಲ್ಕು ಮನೆಯವರೂ ಊಟ ಹಾಕುತ್ತಿರುತ್ತಾರೆ, ಒಬ್ಬರೂ ಕೇಳಿರುವುದಿಲ್ಲ. "ನಿಮ್ಮ ಬೆಕ್ಕಿಗೆ ಊಟ ಹಾಕಲ್ವಾ?" ಅಂತ ಶುರು ಮಾಡಿದರೆ ಮಾತು ಅಲ್ಲಿಗೇ ಕೆಡುತ್ತದೆ. ನಾನು ಹೀಗೆ ಕೇಳುತ್ತೇನೆ: "ನಿಮ್ಮ ಬೆಕ್ಕು ನಮ್ಮ ಮನೆಗೂ ಬರ್ತಾ ಇದೆ. ತುಂಬಾ ಚೆನ್ನಾಗಿದೆ. ನಾವು ಸ್ವಲ್ಪ ಊಟ ಹಾಕಿದ್ವಿ. ಅದಕ್ಕೆ ಏನಾದ್ರೂ ಕೊಡಬಾರದು ಅಂತ ಇದೆಯಾ?" ಇದರಲ್ಲಿ ದೂರು ಇಲ್ಲ. ನಿಮ್ಮ ಕಡೆಯ ವಿಷಯವನ್ನೂ ಮುಚ್ಚಿಟ್ಟಿಲ್ಲ.

ಈ ಪ್ರಶ್ನೆಯ ಉತ್ತರದಲ್ಲಿ ಜೀವ ಇರುತ್ತದೆ. ಮೂತ್ರದ ಹರಳು ಕರಗಿಸುವ ಆಹಾರ ಬೇರೆ ಊಟದ ಜೊತೆ ಬೆರೆತರೆ ಕೆಲಸ ಮಾಡುವುದಿಲ್ಲ. ಥೈರಾಯ್ಡ್ ಜಾಸ್ತಿ ಇರುವ ಬೆಕ್ಕಿಗೆ ಕೊಡುವ ಅಯೋಡಿನ್ ಕಡಿಮೆ ಇರುವ ಆಹಾರವೂ ಅಷ್ಟೇ, ಅದೊಂದನ್ನೇ ತಿಂದರೆ ಮಾತ್ರ ಉಪಯೋಗ. ಸಕ್ಕರೆ ಕಾಯಿಲೆಯ ಬೆಕ್ಕಿಗೆ ಇನ್ಸುಲಿನ್ ಅಳತೆ ನಿಂತಿರುವುದೇ ಅದು ಎಷ್ಟು, ಯಾವಾಗ ತಿನ್ನುತ್ತದೆ ಎಂಬುದರ ಮೇಲೆ. ಮನೆಯವರಿಗೆ ಗೊತ್ತಿಲ್ಲದ ಒಂದು ಬಟ್ಟಲು ಈ ಲೆಕ್ಕವನ್ನೆಲ್ಲ ತಲೆಕೆಳಗು ಮಾಡುತ್ತದೆ.

ನಿಜವಾಗಿ ಹಸಿದಿದೆಯೇ?

ಕೂಗು ಕೇಳಿ ತೀರ್ಮಾನ ಮಾಡಬೇಡಿ. ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದ ಕ್ಯಾರನ್ ಮೆಕೂಂಬ್ ಮತ್ತು ಅವರ ಜೊತೆಗಾರರು 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಊಟ ಕೇಳುವಾಗ ಬೆಕ್ಕು ಹೊರಡಿಸುವ ಗುರ್‌ಗುರ್ ನಾದದೊಳಗೆ ಸಣ್ಣ ಅಳುವಿನಂಥ ಎತ್ತರದ ಸ್ವರ ಬೆರೆತಿರುತ್ತದೆ ಎಂದು ಅವರು ತೋರಿಸಿದರು. ಬೆಕ್ಕು ಸಾಕದವರಿಗೂ ಆ ನಾದ ಕೇಳಿದರೆ ಏನೋ ತುರ್ತು ಇದೆ ಅನ್ನಿಸುತ್ತದೆ. ಅಂದರೆ ನಿಮ್ಮ ಕರುಳು ಚುರುಕ್ ಅನ್ನುವುದು ಸಹಜ. ಆದರೆ ಹೊಟ್ಟೆ ತುಂಬಿದ ಬೆಕ್ಕಿಗೂ ಹಾಗೆ ಕೇಳಲು ಬರುತ್ತದೆ.

ನಂಬಬೇಕಾದದ್ದು ನಿಮ್ಮ ಕೈಯನ್ನು. ಬೆಕ್ಕು ಮುಟ್ಟಿಸಿಕೊಂಡರೆ ಪಕ್ಕೆಲುಬಿನ ಮೇಲೆ ಹಗುರವಾಗಿ ಬೆರಳಾಡಿಸಿ. ಆಮೇಲೆ ನಿಮ್ಮ ಇನ್ನೊಂದು ಕೈಯನ್ನು ಹೋಲಿಸಿ ನೋಡಿ. ಮುಷ್ಟಿ ಕಟ್ಟಿದಾಗ ಗೆಣ್ಣುಗಳು ಹೇಗೆ ಎದ್ದು ಕಾಣುತ್ತವೋ ಹಾಗೆ ಪಕ್ಕೆಲುಬು ಸಿಕ್ಕಿದರೆ ಬೆಕ್ಕು ಬಡಕಲಾಗಿದೆ. ಬೆರಳು ಚಾಚಿ ಹಸ್ತದ ಹಿಂಭಾಗ ಸವರಿದ ಹಾಗಿದ್ದರೆ ಸರಿಯಾಗಿದೆ. ಅಂಗೈ ಮುಟ್ಟಿದ ಹಾಗೆ ಮೆತ್ತಗಿದ್ದು ಎಲುಬು ಹುಡುಕಬೇಕಾದರೆ ಜಾಸ್ತಿ ತಿನ್ನುತ್ತಿದೆ. ಡಾಕ್ಟರುಗಳು ಇದಕ್ಕೆ 1ರಿಂದ 9ರವರೆಗಿನ ಅಳತೆ ಇಟ್ಟುಕೊಂಡಿದ್ದಾರೆ. 5 ಸರಿಯಾದ ಮೈ. ಉದ್ದ ಕೂದಲಿನ ಬೆಕ್ಕನ್ನು ಮಾತ್ರ ಕಣ್ಣಳತೆಯಲ್ಲಿ ನೋಡಲೇಬೇಡಿ. ಮೇಲೆ ಗುಂಡಗೆ ಕಂಡರೂ ಕೂದಲಿನ ಕೆಳಗೆ ಬೆನ್ನುಮೂಳೆ ಚುಚ್ಚುತ್ತಿರಬಹುದು. ಇನ್ನು ಹೊಟ್ಟೆಯ ಕೆಳಗೆ ಸಡಿಲವಾಗಿ ಜೋಲಾಡುವ ಚರ್ಮ ಬಹಳ ಬೆಕ್ಕುಗಳಿಗೆ ಸಹಜವಾಗಿಯೇ ಇರುವಂಥದ್ದು, ಅದನ್ನು ಬೊಜ್ಜು ಅಂದುಕೊಳ್ಳಬೇಡಿ.

ಬೆಕ್ಕು ಸರಿಯಾದ ಮೈಯಲ್ಲಿದ್ದರೆ, ಅಥವಾ ದಪ್ಪ ಇದ್ದರೆ, ಲೆಕ್ಕ ಹಾಕಿ ನೋಡಿ. ಸುಮಾರು 4 ಕಿಲೋ ತೂಗುವ ದೊಡ್ಡ ಬೆಕ್ಕಿಗೆ ದಿನಕ್ಕೆ 200ರಿಂದ 250 ಕ್ಯಾಲೊರಿ ಸಾಕು. ಬೆಕ್ಕಿನ ಒಣ ಆಹಾರದಲ್ಲಿ 100 ಗ್ರಾಂಗೆ ಹೆಚ್ಚುಕಡಿಮೆ 350ರಿಂದ 400 ಕ್ಯಾಲೊರಿ ಇರುತ್ತದೆ. ಇಡೀ ದಿನಕ್ಕೆ ಬೇಕಾದದ್ದು 50ರಿಂದ 70 ಗ್ರಾಂ ಅಷ್ಟೇ. ನೀವು "ಸ್ವಲ್ಪ" ಅಂತ ಹಾಕುವ 20 ಗ್ರಾಂ ಅದರ ದಿನದ ಊಟದ ಮೂರನೇ ಒಂದು ಭಾಗ. ಎರಡು ಹೊತ್ತು ಹಾಕಿದರೆ ಅರ್ಧಕ್ಕಿಂತ ಜಾಸ್ತಿ. ಪಕ್ಕದ ಇನ್ನೊಬ್ಬರೂ ಹಾಕುತ್ತಿದ್ದರೆ ಹೇಳುವುದೇ ಬೇಡ. ಅಡುಗೆಮನೆಯ ತಕ್ಕಡಿಯಲ್ಲಿ ಒಮ್ಮೆ ತೂಗಿ ನೋಡಿ.

ಹಸಿವೋ ಆಸೆಯೋ ತಿಳಿಯಲು ಇನ್ನೆರಡು ಸಣ್ಣ ಪರೀಕ್ಷೆ ಇವೆ. ಮೊದಲನೆಯದು, ವಾಸನೆ ಕಡಿಮೆ ಇರುವ ಸಾದಾ ಒಣ ಆಹಾರ ಸ್ವಲ್ಪ ಇಡಿ. ಹಸಿದ ಬೆಕ್ಕು ಅದನ್ನೇ ತಿನ್ನುತ್ತದೆ. ಹೊಟ್ಟೆ ತುಂಬಿದ್ದು ಮೂಸಿ, ನಿಮ್ಮ ಮುಖ ನೋಡಿ, ಇನ್ನೂ ರುಚಿಯಾದದ್ದಕ್ಕೆ ಕಾಯುತ್ತದೆ. ಎರಡನೆಯದು, ಊಟ ಏನೂ ಇಡದೆ ಹೊರಗೆ ಹತ್ತು ನಿಮಿಷ ಸುಮ್ನೆ ಕೂತುಕೊಳ್ಳಿ. ಹತ್ತಿರ ಬಂದು, ಬೆನ್ನು ಸವರಿಸಿಕೊಂಡು, ಕಣ್ಣು ನಿಧಾನವಾಗಿ ಮುಚ್ಚಿ ತೆರೆದು, ಅಲ್ಲೇ ಮಲಗಿದರೆ ಅದಕ್ಕೆ ಬೇಕಿದ್ದದ್ದು ಜೊತೆ. ಅದೊಂದು ಸಂತೋಷದ ಉತ್ತರ. ದಿನಾ ಹತ್ತು ನಿಮಿಷ ಕೊಡಿ, ಬಟ್ಟಲು ಬೇಕಾಗಿಲ್ಲ.

ತಿಂದರೂ ಸೊರಗುತ್ತಿದ್ದರೆ

ಚೆನ್ನಾಗಿ ತಿನ್ನುತ್ತದೆ, ಆದರೂ ವಾರದಿಂದ ವಾರಕ್ಕೆ ಮೈ ಇಳಿಯುತ್ತಿದೆ. ಇದು ರೂಢಿಯಲ್ಲ, ಕಾಯಿಲೆ. ಎರಡು ಬಟ್ಟಲು ಜಾಸ್ತಿ ಹಾಕಿದರೆ ಸರಿಹೋಗುವುದೂ ಇಲ್ಲ.

ವಯಸ್ಸಾದ ಬೆಕ್ಕಾಗಿದ್ದರೆ, ಹತ್ತು ವರ್ಷ ದಾಟಿದಂತೆ ಕಂಡರೆ, ಮೊದಲ ಅನುಮಾನ ಥೈರಾಯ್ಡ್. ಎಷ್ಟು ತಿಂದರೂ ಸಾಲದು, ಒಂದು ಕಡೆ ನಿಲ್ಲುವುದಿಲ್ಲ, ಜೋರಾಗಿ ಕೂಗುತ್ತದೆ, ಕೂದಲು ಕೆದರಿರುತ್ತದೆ. ನೀರು ಬಹಳ ಕುಡಿದು, ಮೂತ್ರವೂ ಜಾಸ್ತಿ ಹೋಗುತ್ತಿದ್ದರೆ ಸಕ್ಕರೆ ಕಾಯಿಲೆ ಇರಬಹುದು. ಥೈರಾಯ್ಡಿನಲ್ಲೂ ಬಾಯಾರಿಕೆ ಬರುತ್ತದೆ, ಹಾಗಾಗಿ ರಕ್ತ ಪರೀಕ್ಷೆ ಇಲ್ಲದೆ ಬೇರೆ ಮಾಡಲಾಗದು. ಎರಡಕ್ಕೂ ಚಿಕಿತ್ಸೆ ಇದೆ. ಮನೆಯವರು ದಿನಾ ನೋಡುವುದರಿಂದ ಮೈ ಇಳಿದದ್ದು ಅವರ ಗಮನಕ್ಕೇ ಬಂದಿರುವುದಿಲ್ಲ. ನೀವು ವಾರಕ್ಕೊಂದು ಫೋಟೋ ತೆಗೆದಿಟ್ಟು ತೋರಿಸಿದರೆ ತಕ್ಷಣ ಅರ್ಥವಾಗುತ್ತದೆ.

ಎಳೆ ಬೆಕ್ಕಾಗಿದ್ದರೆ ಹುಳು ನೋಡಿ. ಬಾಲದ ಬುಡದಲ್ಲಿ ಅಕ್ಕಿ ಕಾಳಿನಂಥ ಚೂರುಗಳು ಅಂಟಿಕೊಂಡಿದ್ದರೆ ಅದು ಲಾಡಿಹುಳು. ಮೈ ನೆಕ್ಕಿಕೊಳ್ಳುವಾಗ ಚಿಗಟ ಹೊಟ್ಟೆಗೆ ಹೋಗಿ ಬರುವಂಥದ್ದು. ಆದ್ದರಿಂದ ಹುಳುವಿನ ಔಷಧ ಕೊಟ್ಟು ಚಿಗಟ ಬಿಟ್ಟರೆ ಮತ್ತೆ ಬರುತ್ತದೆ. ಮರಿಯ ಕೈಕಾಲು ಸಣಕಲಾಗಿ ಹೊಟ್ಟೆ ಮಾತ್ರ ಉಬ್ಬಿದ್ದರೆ ದುಂಡುಹುಳು ಇರಬಹುದು.

ಹಸಿವಿನಿಂದ ಬಂದು, ಬಟ್ಟಲಿಗೆ ಬಾಯಿ ಹಾಕಿ, ತಕ್ಷಣ ಹಿಂದೆ ಸರಿದು, ಬಾಯಿಂದ ಚೂರು ಬೀಳಿಸುವ ಬೆಕ್ಕಿಗೆ ಹಲ್ಲು ಅಥವಾ ಒಸಡಿನ ನೋವು. ಇದನ್ನು ಬಹಳ ಜನ ಹಟ ಅಂದುಕೊಳ್ಳುತ್ತಾರೆ. ಮನೆಯ ಒಣ ಆಹಾರ ಅಗಿಯಲಾಗದೆ, ಮೆತ್ತಗಿನದು ಸಿಗುವ ನಿಮ್ಮ ಬಾಗಿಲಿಗೆ ಬರುತ್ತಿರಬಹುದು.

ಹೆಣ್ಣು ಬೆಕ್ಕಿನ ಹಸಿವು ಬೇರೆಯೇ. ಮೊಲೆತೊಟ್ಟು ಗುಲಾಬಿಯಾಗಿ ಎದ್ದು ಕಂಡು, ಹೊಟ್ಟೆ ಎರಡೂ ಪಕ್ಕ ಉಬ್ಬಿದ್ದರೆ ಗಬ್ಬವಾಗಿದೆ. ಒಟ್ಟು ಸುಮಾರು 9 ವಾರ. ಉಬ್ಬಿದ್ದ ಹೊಟ್ಟೆ ಒಮ್ಮೆಲೇ ಇಳಿದು, ಗಬಗಬ ತಿಂದು ನಿಲ್ಲದೆ ಓಡುತ್ತಿದ್ದರೆ ಎಲ್ಲೋ ಮರಿ ಹಾಕಿದೆ. ಹಾಲೂಡುವ ತಾಯಿಗೆ ಮಾಮೂಲಿಗಿಂತ ಎರಡು ಮೂರು ಪಟ್ಟು ಊಟ ಬೇಕು. ಈ ಬೆಕ್ಕಿಗೆ ಮಾತ್ರ ಲೆಕ್ಕ ನೋಡದೆ ಹಾಕಿ, ಮರಿ ಬೆಕ್ಕಿನ ಆಹಾರವಾದರೆ ಇನ್ನೂ ಒಳ್ಳೆಯದು. ಈ ಹೊತ್ತಿನಲ್ಲಿ ತಾಯನ್ನು ಹಿಡಿದು ದೂರ ಸಾಗಿಸಬೇಡಿ, ಕಾಣದ ಜಾಗದಲ್ಲಿ ಮರಿಗಳು ಹಾಲಿಲ್ಲದೆ ಸಾಯುತ್ತವೆ. ಸುಮಾರು ನಾಲ್ಕು ವಾರಕ್ಕೆ ಮರಿಗಳು ಮೆತ್ತಗಿನ ಆಹಾರ ತಿನ್ನಲು ಶುರು ಮಾಡುತ್ತವೆ. ಎಷ್ಟೋ ತಾಯಂದಿರು ಆಗ ತಾವಾಗಿಯೇ ಮರಿಗಳನ್ನು ಬಟ್ಟಲ ಹತ್ತಿರ ಕರೆತರುತ್ತವೆ.

ಮನೆಯಲ್ಲೇ ಏನೋ ಸರಿಯಿಲ್ಲದಿದ್ದರೆ

ಕಾಯಿಲೆ ಇಲ್ಲ, ಹಸಿವಿಲ್ಲ, ಮನೆಯೂ ಇದೆ. ಆದರೂ ಇಡೀ ದಿನ ನಿಮ್ಮಲ್ಲೇ. ಆ ಮನೆಗೆ ಇತ್ತೀಚೆಗೆ ನಾಯಿ ಬಂದಿದೆಯೇ, ಇನ್ನೊಂದು ಬೆಕ್ಕು ಬಂದಿದೆಯೇ, ಮಗು ಹುಟ್ಟಿದೆಯೇ ಕೇಳಿ. ಎರಡು ಬೆಕ್ಕಿಗೆ ಅಕ್ಕಪಕ್ಕದಲ್ಲೇ ಬಟ್ಟಲಿಟ್ಟರೆ ಜೋರಿನದು ತಿನ್ನುತ್ತದೆ, ಮೆದುವಿನದು ಬೇರೆ ಮನೆ ಹುಡುಕುತ್ತದೆ. ಒಂದಕ್ಕೊಂದು ಕಾಣದ ಹಾಗೆ ಬೇರೆ ಬೇರೆ ಕೋಣೆಯಲ್ಲಿ ಇಟ್ಟರೆ ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ. ಇದು ಅವರು ಮಾಡಬೇಕಾದ ಕೆಲಸ. ನೀವು ಮೆಲ್ಲಗೆ ಹೇಳಬಹುದು, ಅಷ್ಟೇ.

ರೂಢಿ ಬಿಡಿಸುವುದು

ಮನೆಯವರು ಸಿಕ್ಕಿ, ಬೆಕ್ಕು ಆರೋಗ್ಯವಾಗಿದೆ, ಮನೆಯಲ್ಲಿ ಊಟ ಸಿಗುತ್ತಿದೆ ಎಂದು ಖಾತ್ರಿಯಾದ ಮೇಲೆ ಮಾತ್ರ ಈ ಹಂತ. ನಿಮ್ಮನ್ನೇ ನಂಬಿರುವ ಬೆಕ್ಕಿಗೆ ಇದನ್ನು ಮಾಡಬೇಡಿ.

ನಿಲ್ಲಿಸುವುದಾದರೆ ಪೂರ್ತಿ ನಿಲ್ಲಿಸಿ. ಆರು ದಿನ ಇಲ್ಲ ಅಂದು ಏಳನೇ ದಿನ ಮನಸ್ಸು ಕರಗಿ ಹಾಕಿದರೆ ರೂಢಿ ಇನ್ನೂ ಗಟ್ಟಿಯಾಗುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಇಲಿ, ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗಗಳು ಇದನ್ನೇ ತೋರಿಸಿದವು. ಪ್ರತಿ ಸಲ ಕಾಳು ಸಿಗುವ ಪ್ರಾಣಿಗಿಂತ ಆಗಾಗ ಮಾತ್ರ ಸಿಗುವ ಪ್ರಾಣಿ, ಸಿಗುವುದು ನಿಂತ ಮೇಲೂ ಬಹಳ ಹೊತ್ತು ಪ್ರಯತ್ನ ಬಿಡುವುದಿಲ್ಲ. ಹಾಗಾಗಿ ಮನೆಯ ಎಲ್ಲರಿಗೂ ಒಂದೇ ಮಾತು ಇರಬೇಕು. ನೀವು ನಿಲ್ಲಿಸಿ, ಅಜ್ಜಿ ಹಿಂಬಾಗಿಲಲ್ಲಿ ಹಾಕುತ್ತಿದ್ದರೆ ಕೆಲಸ ಆಗುವುದಿಲ್ಲ. ಮಕ್ಕಳಿಗೂ ಕಾರಣ ಬಿಡಿಸಿ ಹೇಳಿ.

ಮೊದಲ ಕೆಲವು ದಿನ ಕೂಗು ಕಡಿಮೆಯಾಗುವ ಬದಲು ಜಾಸ್ತಿಯಾಗುತ್ತದೆ. ಬಾಗಿಲು ಕೆರೆಯುತ್ತದೆ, ಕಿಟಕಿ ಹತ್ತುತ್ತದೆ. ಉಪಾಯ ಫಲಿಸಲಿಲ್ಲ ಅಂದುಕೊಂಡು ಬಹಳ ಜನ ಕೈಬಿಡುವುದು ಇಲ್ಲೇ. ಹಳೆಯ ದಾರಿ ಕೆಲಸ ಮಾಡದಿದ್ದಾಗ ಬೆಕ್ಕು ಅದನ್ನೇ ಇನ್ನೂ ಜೋರಾಗಿ ಮಾಡಿ ನೋಡುತ್ತದೆ, ಆಮೇಲೆ ಬಿಡುತ್ತದೆ. ಆ ದಿನಗಳಲ್ಲಿ ಬೈಯಬೇಡಿ, ನೀರೆರಚಬೇಡಿ, ಓಡಿಸಬೇಡಿ. ಊಟದ ಹೊತ್ತಿಗೆ ಬಾಗಿಲು ತೆರೆಯಬೇಡಿ, ಬೇರೆ ಹೊತ್ತಿನಲ್ಲಿ ಸಿಕ್ಕಾಗ ಪ್ರೀತಿಯಿಂದ ಮಾತಾಡಿಸಿ. ಮನೆಯವರು ಅದೇ ಹೊತ್ತಿಗೆ ಅಲ್ಲಿ ಊಟ ಹಾಕಿದರೆ ಬೇಗ ಮುಗಿಯುತ್ತದೆ. ಹೊರಗೆ ಮುಚ್ಚಳವಿಲ್ಲದ ಕಸದ ಬುಟ್ಟಿ, ನಿಮ್ಮ ನಾಯಿಯ ಉಳಿದ ಊಟ ಇದ್ದರೆ ಮೊದಲು ಅದನ್ನು ತೆಗೆಯಿರಿ. ಇಲ್ಲದಿದ್ದರೆ ನೀವು ನಿಲ್ಲಿಸಿದರೂ ಜಾಗ ಊಟ ಹಾಕುತ್ತಲೇ ಇರುತ್ತದೆ.

ಓಡಿಸಲೆಂದು ಕೆಲವರು ನುಸಿಗುಳಿಗೆ, ಫಿನಾಯಿಲ್, ಘಾಟು ಎಣ್ಣೆಗಳನ್ನು ಚೆಲ್ಲುತ್ತಾರೆ. ದಯವಿಟ್ಟು ಬೇಡ. ಬೆಕ್ಕಿನ ಯಕೃತ್ತಿಗೆ ಇಂಥ ಹಲವು ರಾಸಾಯನಿಕಗಳನ್ನು ಅರಗಿಸುವ ಶಕ್ತಿ ಇಲ್ಲ. ಪಾದಕ್ಕೆ ಅಂಟಿದ್ದನ್ನು ನೆಕ್ಕಿಕೊಂಡೇ ವಿಷವಾಗುತ್ತದೆ.

ನಿಮ್ಮ ಮನೆಯಲ್ಲೇ ಬೆಕ್ಕಿದ್ದರೆ ಬಟ್ಟಲು ಹಂಚಬೇಡಿ. ಬೆಕ್ಕಿನ ಲ್ಯುಕೇಮಿಯಾ ವೈರಸ್ ಜೊಲ್ಲಿನಿಂದಲೂ ಹರಡುತ್ತದೆ. ಲಸಿಕೆ ಆಗಿದೆಯೇ ನೋಡಿಕೊಳ್ಳಿ.

ಯಾರೂ ಇಲ್ಲದಿದ್ದರೆ

ಚಿಪ್ ಇಲ್ಲ, ಪಟ್ಟಿಗೆ ಉತ್ತರ ಇಲ್ಲ, ನಾಲ್ಕು ಬೀದಿಯಲ್ಲಿ ಕೇಳಿದರೂ ಯಾರದ್ದೂ ಅಲ್ಲ. ಆಗ ಊಟ ಹಾಕುವುದು ತಪ್ಪಲ್ಲ, ಆದರೆ ಊಟ ಮಾತ್ರ ಸಾಲದು. ಆಪರೇಷನ್ ಮಾಡಿಸಿ. ಹೆಣ್ಣು ಬೆಕ್ಕು ನಾಲ್ಕು ತಿಂಗಳಿಗೇ ಗಬ್ಬವಾಗಬಲ್ಲದು. ಒಂದು ವರ್ಷದಲ್ಲಿ ಬಟ್ಟಲ ಮುಂದೆ ಹತ್ತು ಬಾಯಿ ನಿಂತಿರುತ್ತವೆ. ಆಪರೇಷನ್ ಆದ ಗಂಡು ಬೆಕ್ಕು ಅಲೆಯುವುದು, ಜಗಳವಾಡುವುದು, ಗೋಡೆಗೆ ಮೂತ್ರ ಹಾರಿಸುವುದು ಬಹಳ ಕಡಿಮೆಯಾಗುತ್ತದೆ. ಅದೇ ಭೇಟಿಯಲ್ಲಿ ರೇಬೀಸ್ ಲಸಿಕೆ, ಹುಳುವಿನ ಔಷಧ ಕೊಡಿಸಿ. ಊಟಕ್ಕೆ ಒಂದು ಹೊತ್ತು, ಒಂದು ಜಾಗ ಇರಲಿ. ಅರ್ಧ ಗಂಟೆಯ ನಂತರ ಉಳಿದದ್ದು ತೆಗೆದುಬಿಡಿ, ಇಲಿ ಇರುವೆ ಸೇರುವುದಿಲ್ಲ. ನೀರು ಮಾತ್ರ ಯಾವಾಗಲೂ ಇರಲಿ.

ಏನು ಹಾಕಬೇಕು? ಬೆಕ್ಕಿಗೆಂದೇ ಮಾಡಿದ ಆಹಾರ. ನಾಯಿಯ ಆಹಾರದಲ್ಲಿ ಬೆಕ್ಕಿಗೆ ಬೇಕಾದಷ್ಟು ಟಾರಿನ್ ಎಂಬ ಪೋಷಕಾಂಶ ಇರುವುದಿಲ್ಲ, ಅದು ಕಡಿಮೆಯಾದರೆ ಹೃದಯ, ಕಣ್ಣು ಕೆಡುತ್ತವೆ. ಹಾಲು ಬೇಡ. ಬೆಳೆದ ಬೆಕ್ಕುಗಳಲ್ಲಿ ಬಹುಪಾಲಿಗೆ ಹಾಲಿನ ಸಕ್ಕರೆ ಜೀರ್ಣವಾಗದೆ ಭೇದಿಯಾಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಸೇರಿದ ಯಾವುದೂ ಬೇಡ, ರಕ್ತಕಣ ಒಡೆಯುತ್ತದೆ. ಬೇಯಿಸಿದ ಮೂಳೆ ಸೀಳಿ ಗಂಟಲಿಗೆ ಚುಚ್ಚುತ್ತದೆ. ಜ್ವರ ಬಂದಂತಿದೆ ಅಂತ ನಿಮ್ಮ ಪ್ಯಾರಸಿಟಮಾಲ್ ಕೊಡಲೇಬೇಡಿ. ಒಂದೇ ಮಾತ್ರೆ ಸಾಕು ಬೆಕ್ಕು ಸಾಯಲು.

ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಡಾಕ್ಟರ ಹತ್ತಿರ ಹೋಗಿ. ಬೆಕ್ಕಿನ ಹಲ್ಲು ಸೂಜಿಯಂತೆ ಆಳಕ್ಕೆ ಇಳಿಯುತ್ತದೆ, ಮೇಲೆ ಚಿಕ್ಕ ಚುಕ್ಕೆ ಕಂಡರೂ ಒಳಗೆ ಕೀವಾಗುತ್ತದೆ. ಮನೆಯಲ್ಲಿ ಗರ್ಭಿಣಿ ಇದ್ದರೆ ಬೆಕ್ಕಿನ ಮಲ ಬೇರೆಯವರು ತೆಗೆಯಲಿ, ದಿನಾ ತೆಗೆಯಲಿ. ಮಲದಲ್ಲಿರುವ ಟಾಕ್ಸೊಪ್ಲಾಸ್ಮಾ ಪರಾವಲಂಬಿ ಅಂಟುವ ಸ್ಥಿತಿಗೆ ಬರಲು ಕನಿಷ್ಠ ಒಂದು ದಿನ ಬೇಕು.

ಒಮ್ಮೆಲೇ ಬರುವುದು ನಿಂತರೆ

ದಿನಾ ಬರುತ್ತಿದ್ದ ಬೆಕ್ಕು ಎರಡು ದಿನ ಕಾಣದಿದ್ದರೆ ಅದನ್ನೂ ಒಂದು ಲಕ್ಷಣ ಅಂತಲೇ ನೋಡಿ. ಮೊದಲು ಮನೆಯವರನ್ನು ಕೇಳಿ. ಒಳಗಿಟ್ಟುಕೊಂಡಿರಬಹುದು, ಚಿಕಿತ್ಸೆ ನಡೆಯುತ್ತಿರಬಹುದು. ಅವರಿಗೂ ಗೊತ್ತಿಲ್ಲದಿದ್ದರೆ ಬಂದ ಹೊತ್ತು, ಹೋದ ದಿಕ್ಕು ಅಂತ ನೀವು ಬರೆದಿಟ್ಟ ಟಿಪ್ಪಣಿ ಈಗ ಕೆಲಸಕ್ಕೆ ಬರುತ್ತದೆ. ಕೊನೆಯ ಸಲ ಯಾವಾಗ ಬಂತು, ಯಾವ ಕಡೆ ಹೋಯಿತು ಎಂದು ಅದರಲ್ಲೇ ಇದೆ. ಆ ದಿಕ್ಕಿನ ಕಾರ್ ಶೆಡ್ಡು, ಸಾಮಾನು ಕೋಣೆ, ಮೆಟ್ಟಿಲ ಕೆಳಗಿನ ಗೂಡು, ಖಾಲಿ ಮನೆ ಇವನ್ನು ತೆಗೆಸಿ ನೋಡಿ. ಬಾಗಿಲು ತೆರೆದಿದ್ದಾಗ ಒಳಗೆ ನುಸುಳಿ, ಬೀಗ ಬಿದ್ದು ಸಿಕ್ಕಿಕೊಳ್ಳುವುದು ಬಹಳ ಮಾಮೂಲಿ. ಗಾಯಗೊಂಡ ಬೆಕ್ಕು ಕರೆದರೂ ದನಿ ಕೊಡದೆ ಅಡಗಿರುತ್ತದೆ. ಹಾಗಾಗಿ ಬೀದಿ ನಿಶ್ಶಬ್ದವಾದ ಮೇಲೆ, ಟಾರ್ಚನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಪೊದೆ, ಚರಂಡಿ, ವಾಹನಗಳ ಅಡಿಗೆ ಬೆಳಕು ಹಾಯಿಸಿ. ಅಲ್ಲಿದ್ದರೆ ಎರಡು ಕಣ್ಣು ಹೊಳೆಯುತ್ತವೆ.